ಕಡತದಿಂದ ಡೈರೆಕ್ಟರಿಯವರೆಗೆ



ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಶಾಲೆಯ ಕಚೇರಿಗೆ ಹಳೆಯ ವಿದ್ಯಾರ್ಥಿಯೊಬ್ಬರು ಬಂದರು. ವಯಸ್ಸು ನಲವತ್ತು ದಾಟಿತ್ತು. ಬಿ.ಟಿ.ಎಂ. ಬಡಾವಣೆಯಲ್ಲಿ ವೈರಿಂಗ್ ಕೆಲಸ ಮಾಡುವವರು. ಅವರಿಗೆ ಹೊರದೇಶದಲ್ಲಿ ಕೆಲಸ ಗೊತ್ತಾಗಿತ್ತು. ಆದರೆ ಒಂದು ಕಾಗದದಲ್ಲಿ ಅವರ ಹೆಸರಿನ ಮೊದಲ ಭಾಗ 'ಮೊಹಮ್ಮದ್' ಎಂದು ಪೂರ್ತಿಯಾಗಿತ್ತು, ಇನ್ನೊಂದರಲ್ಲಿ 'ಎಂಡಿ' ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಗೆ ಇಳಿದಿತ್ತು. ಇಬ್ಬರೂ ಒಬ್ಬರೇ ಎಂದು ತೋರಿಸಲು ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕಾಗಿತ್ತು. ಹಿಂದೆ ಕೊಟ್ಟದ್ದು ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. "ಸರ್, ನಾನು ಶಾಲೆ ಬಿಡುವಾಗ ಅದನ್ನು ಕಂಪ್ಯೂಟರ್‌ನಲ್ಲೇ ಟೈಪ್ ಮಾಡಿ ಕೊಟ್ಟಿದ್ದರು. ಅದರಲ್ಲಿ ಇದ್ದೇ ಇರುತ್ತದೆ, ನೋಡಿ" ಎಂದರು.

ಬೀರುವಿನ ಮೇಲಿನ ಖಾನೆಯಲ್ಲಿ ಮಿಠಾಯಿ ಡಬ್ಬವೊಂದರಲ್ಲಿ ಹಳೆಯ ಫ್ಲಾಪಿಗಳಿದ್ದವು. ಎಸ್.ಪಿ. ರಸ್ತೆಯಿಂದ ಫ್ಲಾಪಿ ಓದುವ ಸಾಧನವೊಂದನ್ನು ತರಿಸಿದೆವು. ಹನ್ನೊಂದರಲ್ಲಿ ಮೂರು ಮಾತ್ರ ತೆರೆದುಕೊಂಡವು. ಪ್ರಮಾಣಪತ್ರಗಳೆಲ್ಲ ಒಂದೇ ಡೈರೆಕ್ಟರಿಯಲ್ಲಿದ್ದವು. ಅಲ್ಲಿ 'ಮೊಹಮ್ಮದ್' ಹೆಸರಿನ ಫೈಲ್ ಇತ್ತು. ಆದರೆ ಒಂದೇ ಒಂದು ಇತ್ತು. ತೆರೆದು ನೋಡಿದರೆ ಅದು ಬೇರೆ ಹುಡುಗನದು. ಅದೇ ವರ್ಷ ಆ ತರಗತಿಯಿಂದ ಹೊರಟ ಮೊಹಮ್ಮದ್‌ಗಳು ಎಷ್ಟು ಮಂದಿ! ಉಳಿದವರೆಲ್ಲ ಎಲ್ಲಿ ಹೋದರು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ತಿಳಿದ ಇತಿಹಾಸವನ್ನು ನಿಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಫೈಲುಗಳನ್ನು ಜೋಡಿಸುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಅದರ ಹಿಂದೆ ಒಬ್ಬ ಮನುಷ್ಯನ ಹೆಸರು, ಅನ್ನ, ಭವಿಷ್ಯ ಇರುತ್ತವೆ ಎಂಬುದನ್ನು ನಾವು ಮರೆಯಬಾರದು.

ನಮ್ಮ ಹಳೆಯ ಪದಗಳು

ಫೈಲ್ ಎಂಬುದಕ್ಕೆ ಇಂದು ಸರ್ಕಾರಿ ಕನ್ನಡದಲ್ಲಿ 'ಕಡತ' ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ, ಮಠ ಮಂದಿರಗಳ ದಾಖಲೆ ಇಂಥ ಕಡತಗಳಲ್ಲಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ.

ಕಚೇರಿಯ ದಾಖಲೆಗೆ ಕನ್ನಡದಲ್ಲಿ 'ದಫ್ತರ' ಎಂಬ ಪದವೂ ಇದೆ. ಅದು ಫಾರಸಿಯಿಂದ ಬಂದದ್ದು. ಉರ್ದುವಿನಲ್ಲಿ ದಫ್ತರ್ ಎಂದರೆ ಕಚೇರಿಯೇ. ತಾಲ್ಲೂಕು ಕಚೇರಿಯ 'ಶಿರಸ್ತೇದಾರ'ರ ಪದವಿಯ ಹೆಸರಿನಲ್ಲೂ ಫಾರಸಿಯ 'ರಿಶ್ತಾ', ಅಂದರೆ ದಾರ, ಅಡಗಿದೆ. ದಾಖಲೆಗಳನ್ನು ಪೋಣಿಸಿದ ದಾರದ ತುದಿ ಯಾರ ಕೈಯಲ್ಲಿದೆಯೋ ಅವರೇ ಶಿರಸ್ತೇದಾರರು. ಬೆಂಗಳೂರಿನ ಹೈಕೋರ್ಟ್ ಇರುವ ಕೆಂಪು ಕಟ್ಟಡವನ್ನು ಇಂದಿಗೂ ಅಠಾರ ಕಚೇರಿ ಎನ್ನುತ್ತಾರೆ. ಉರ್ದುವಿನಲ್ಲಿ ಅಠಾರಾ ಎಂದರೆ ಹದಿನೆಂಟು. ಒಂದೇ ಛಾವಣಿ, ಅದರ ಕೆಳಗೆ ಹದಿನೆಂಟು ಇಲಾಖೆ. ಕಂಪ್ಯೂಟರ್ ಕಲಿತವರು ಇದನ್ನು ಒಂದು ಮೂಲ ಡೈರೆಕ್ಟರಿ, ಅದರೊಳಗೆ ಹದಿನೆಂಟು ಉಪಡೈರೆಕ್ಟರಿ ಎಂದಾರು.

ಇನ್ನೂ ಹಿಂದೆ ಹೋದರೆ ಹತ್ತನೇ ಶತಮಾನದ ಬಗ್ದಾದ್ ಸಿಗುತ್ತದೆ. ಅಲ್ಲಿ ಇಬ್ನ್ ಅಲ್-ನದೀಮ್ ಎಂಬ ಪುಸ್ತಕ ವ್ಯಾಪಾರಿ ಹಿಜರಿ 377ರಲ್ಲಿ, ಅಂದರೆ ಕ್ರಿ.ಶ. 987ರ ಸುಮಾರಿಗೆ, 'ಅಲ್-ಫಿಹ್ರಿಸ್ತ್' ಎಂಬ ಗ್ರಂಥ ರಚಿಸಿದನು. ತನಗೆ ತಿಳಿದ ಅರಬ್ಬಿ ಪುಸ್ತಕಗಳನ್ನೆಲ್ಲ ಅವನು ಹತ್ತು 'ಮಖಾಲಾ'ಗಳಾಗಿ ವಿಂಗಡಿಸಿದ. ಪ್ರತಿ ಮಖಾಲಾವನ್ನು 'ಫನ್' ಎಂಬ ಉಪವಿಭಾಗಗಳಾಗಿ ಹಂಚಿದ. ಆ ಪುಸ್ತಕಗಳಲ್ಲಿ ಎಷ್ಟೋ ಇಂದು ಉಳಿದಿಲ್ಲ. ಪಟ್ಟಿ ಉಳಿದಿದ್ದರಿಂದ ಅವು ಇದ್ದವೆಂದಾದರೂ ನಮಗೆ ಗೊತ್ತು. ಉರ್ದು ಪುಸ್ತಕದ ಮೊದಲ ಪುಟದಲ್ಲಿ ನೀವು ಓದುವ 'ಫೆಹ್ರಿಸ್ತ್' ಅದೇ ಪದ.

ಗೋಡೆಯಿಲ್ಲದ ಮನೆ

ಇಷ್ಟು ಹಳೆಯ ವಿದ್ಯೆಯನ್ನು ಮೊದಲ ಪರ್ಸನಲ್ ಕಂಪ್ಯೂಟರ್‌ಗಳು ತಮ್ಮೊಡನೆ ತರಲಿಲ್ಲ ಎಂಬುದು ಆಶ್ಚರ್ಯದ ಸಂಗತಿ. ಐಬಿಎಂ ಕಂಪನಿಯ ಪಿಸಿ ಬಂದದ್ದು 1981ರ ಆಗಸ್ಟ್‌ನಲ್ಲಿ. ಅದರೊಂದಿಗೆ ಬಂದ ಡಾಸ್ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿ ಉಪಡೈರೆಕ್ಟರಿಗಳೇ ಇರಲಿಲ್ಲ. ಒಂದು ಫ್ಲಾಪಿಯಲ್ಲಿ 160 ಕಿಲೋಬೈಟ್ ಜಾಗ, ಗರಿಷ್ಠ 64 ಫೈಲ್. ಎಲ್ಲವೂ ಒಂದೇ ರಾಶಿಯಲ್ಲಿ, ಗೋಡೆಯಿಲ್ಲದ ಒಂದೇ ಕೋಣೆಯ ಮನೆಯಂತೆ. ವಿಷಯ ಬೇರೆ ಮಾಡಬೇಕೆಂದರೆ ಫ್ಲಾಪಿಯನ್ನೇ ಬೇರೆ ಮಾಡಬೇಕಾಗಿತ್ತು. ಆ ಕಾಲದವರಿಗೆ ಫೋಲ್ಡರ್ ಎಂದರೆ ಫ್ಲಾಪಿಯ ಮೇಲೆ ಅಂಟಿಸಿದ ಚೀಟಿ.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 'ಕ್ಲಾಸ್' ಎಂಬ ಯೋಜನೆಯ ಮೂಲಕ. 1984-85ರಲ್ಲಿ ಸುಮಾರು 250 ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಯೋಜನೆಯಲ್ಲಿ ಕೊಟ್ಟದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಯಂತ್ರ. ಅದರ ಮೊದಲ ಡಿಸ್ಕ್ ವ್ಯವಸ್ಥೆ ಇನ್ನೂ ಬಿಗಿ. ಡಿಸ್ಕಿನ ಒಂದು ಬದಿಗೆ 31 ಫೈಲ್ ಮಾತ್ರ. ಹೆಸರಿಗೆ ಏಳು ಅಕ್ಷರ, ಡೈರೆಕ್ಟರಿಯ ಹೆಸರಿಗೆ ಒಂದೇ ಒಂದು ಅಕ್ಷರ. ಒಂದು ತರಗತಿಯ ನಲವತ್ತು ಮಕ್ಕಳ ಹೆಸರಿನಲ್ಲಿ ನಲವತ್ತು ಫೈಲ್ ಇಡಲೂ ಅಲ್ಲಿ ಜಾಗವಿರಲಿಲ್ಲ!

ಬಡಾವಣೆಯ ವಿಳಾಸದಂತೆ

ಬದಲಾವಣೆ ಬಂದದ್ದು 1983ರ ಮಾರ್ಚ್‌ನಲ್ಲಿ. ಐಬಿಎಂ ಆಗ 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಇರುವ ಪಿಸಿ ಎಕ್ಸ್‌ಟಿ ಎಂಬ ಯಂತ್ರವನ್ನು ಹೊರತಂದಿತು. ಅಷ್ಟು ಜಾಗದಲ್ಲಿ ಎಲ್ಲವನ್ನೂ ಒಂದೇ ರಾಶಿ ಹಾಕಿದರೆ ಹುಡುಕುವುದು ಅಸಾಧ್ಯ. ಆದ್ದರಿಂದ ಅದರ ಜೊತೆ ಬಂದ ಡಾಸ್ 2.0 ಆವೃತ್ತಿಯಲ್ಲಿ ಡೈರೆಕ್ಟರಿಯೊಳಗೆ ಡೈರೆಕ್ಟರಿ ಮಾಡುವ ಅವಕಾಶ ಬಂತು. ಹೊಸ ಡೈರೆಕ್ಟರಿ ಮಾಡಲು 'ಎಂಡಿ', ಒಳಗೆ ಹೋಗಲು 'ಸಿಡಿ', ತೆಗೆದುಹಾಕಲು 'ಆರ್‌ಡಿ' ಎಂಬ ಆಜ್ಞೆಗಳು. ಈ ಕಲ್ಪನೆ ಡಾಸ್‌ನ ಸ್ವಂತದ್ದಲ್ಲ. 1965ರಲ್ಲಿಯೇ ಅಮೆರಿಕದಲ್ಲಿ ಡೇಲಿ ಮತ್ತು ನ್ಯೂಮನ್ ಎಂಬುವರು 'ಮಲ್ಟಿಕ್ಸ್' ಎಂಬ ದೊಡ್ಡ ಕಂಪ್ಯೂಟರ್ ವ್ಯವಸ್ಥೆಗಾಗಿ ಮರದ ಕೊಂಬೆಗಳಂತೆ ಕವಲೊಡೆಯುವ ಡೈರೆಕ್ಟರಿಗಳನ್ನು ವಿವರಿಸಿದ್ದರು. ಅಲ್ಲಿಂದ ಅದು ಯೂನಿಕ್ಸ್‌ಗೆ, ಯೂನಿಕ್ಸ್‌ನಿಂದ ಡಾಸ್‌ಗೆ ಬಂತು.

ಇದನ್ನು ಮಕ್ಕಳಿಗೆ ವಿವರಿಸುವಾಗ ನಾನು ನಮ್ಮ ಬಡಾವಣೆಗಳ ಉದಾಹರಣೆ ಕೊಡುತ್ತೇನೆ. "5ನೇ ಕ್ರಾಸ್‌ಗೆ ಬನ್ನಿ" ಎಂದು ಯಾರಾದರೂ ಹೇಳಿದರೆ ಎಲ್ಲಿಗೆ ಹೋಗುವಿರಿ? ಜೆ.ಪಿ. ನಗರದಲ್ಲೂ 5ನೇ ಕ್ರಾಸ್ ಇದೆ, ಬನಶಂಕರಿಯಲ್ಲೂ ಇದೆ, ಬಿ.ಟಿ.ಎಂ. ಬಡಾವಣೆಯಲ್ಲೂ ಇದೆ. ಬಡಾವಣೆ, ಅದರೊಳಗೆ ಬ್ಲಾಕ್ ಅಥವಾ ಹಂತ, ಅದರೊಳಗೆ ಮೇನ್, ಅದರೊಳಗೆ ಕ್ರಾಸ್, ಕೊನೆಗೆ ಮನೆ ನಂಬರ್: ಇಷ್ಟೂ ಹೇಳಿದಾಗಲೇ ವಿಳಾಸ ಪೂರ್ಣ. ಡೈರೆಕ್ಟರಿಯ ದಾರಿ ಎಂದರೆ ಇದೇ. ಒಂದೇ ಹೆಸರಿನ ಎರಡು ಫೈಲ್ ಎರಡು ಡೈರೆಕ್ಟರಿಗಳಲ್ಲಿ ನೆಮ್ಮದಿಯಾಗಿ ಬಾಳಬಹುದು. ಆದರೆ ಒಂದೇ ಡೈರೆಕ್ಟರಿಯಲ್ಲಿ ಬಾಳಲಾರವು. ಈ ಮಾತನ್ನು ದಯವಿಟ್ಟು ನೆನಪಿಡಿ.

ಎಂಟು ಅಕ್ಷರದ ಅಂಗಿ

ಡಾಸ್‌ನಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ, ಚುಕ್ಕಿಯ ನಂತರ ಫೈಲಿನ ಬಗೆ ಹೇಳಲು ಮೂರು ಅಕ್ಷರ. ನಡುವೆ ಖಾಲಿ ಜಾಗ ಬಿಡುವ ರೂಢಿಯಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ.

ಈಗ ಬೆರಳು ಮಡಿಚಿ ಎಣಿಸಿ ನೋಡಿ: ಎಂ, ಓ, ಎಚ್, ಎ, ಎಂ, ಎಂ, ಇ, ಡಿ. ಸರಿಯಾಗಿ ಎಂಟು! ಮೊಹಮ್ಮದ್ ಎಂದು ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಮುಂದೆ ಇಲಿಯಾಸ್ ಇರಲಿ, ಯೂಸುಫ್ ಇರಲಿ, ರಫೀಕ್ ಇರಲಿ, ಯಂತ್ರಕ್ಕೆ ಎಲ್ಲರೂ ಒಂದೇ. ನಮ್ಮ ಶಾಲೆಗಳ ಹಾಜರಿ ಪುಸ್ತಕ ನೋಡಿದವರಿಗೆ ಇದರ ಕಷ್ಟ ಹೇಳಬೇಕಾಗಿಲ್ಲ. ವೆಂಕಟೇಶ, ಲಕ್ಷ್ಮೀನಾರಾಯಣ ಮುಂತಾದ ಉದ್ದ ಹೆಸರುಗಳ ಪಾಡೂ ಇದೇ ಆಗಿತ್ತು. ಎಂಟು ಅಕ್ಷರದ ಅಂಗಿ ಹೊಲಿದವರು ನಮ್ಮ ಮೈ ಅಳತೆ ತೆಗೆದುಕೊಂಡಿರಲಿಲ್ಲ.

1995ರಲ್ಲಿ ವಿಂಡೋಸ್ 95 ಬಂದಾಗ 255 ಅಕ್ಷರಗಳವರೆಗೆ ಹೆಸರಿಡಬಹುದಾಯಿತು. ಆದರೂ ಹಳೆಯ ಪ್ರೋಗ್ರಾಮ್‌ಗಳಿಗಾಗಿ ಯಂತ್ರ ಒಳಗೊಳಗೆ ಒಂದು ಗಿಡ್ಡ ಹೆಸರನ್ನೂ ಇಟ್ಟುಕೊಳ್ಳುತ್ತಿತ್ತು. ಮೊದಲ ಆರು ಅಕ್ಷರ, ಒಂದು ಅಲೆಯ ಗುರುತು, ಒಂದು ಅಂಕಿ. ಆ ಲೆಕ್ಕದಲ್ಲಿ ನಮ್ಮ ಮಕ್ಕಳು 'ಮೊಹಮ್ಮ್ 1', 'ಮೊಹಮ್ಮ್ 2', 'ಮೊಹಮ್ಮ್ 3' ಆದರು.

ಜೋಡಿಸಲು ಹೋಗಿ ಅಳಿಸಿದ್ದು

ಹೊಸದಾಗಿ ಜೋಡಿಸುವುದಕ್ಕಿಂತ ಜೋಡಿಸಿದ್ದನ್ನು ಬದಲಾಯಿಸುವುದು ಡಾಸ್‌ನಲ್ಲಿ ಹೆಚ್ಚು ಅಪಾಯದ ಕೆಲಸವಾಗಿತ್ತು. ಇಂದು ನೀವು ಫೈಲನ್ನು ಮೌಸ್‌ನಿಂದ ಹಿಡಿದೆಳೆದು ಇನ್ನೊಂದು ಫೋಲ್ಡರ್‌ಗೆ ಹಾಕುತ್ತೀರಿ. ಅಂದು ಡಾಸ್‌ನಲ್ಲಿ 'ಸ್ಥಳಾಂತರಿಸು' ಎಂಬ ಆಜ್ಞೆಯೇ ಇರಲಿಲ್ಲ. ಮೊದಲು ಹೊಸ ಜಾಗಕ್ಕೆ ನಕಲು ಮಾಡಬೇಕು, ನಂತರ ಹಳೆಯದನ್ನು ಅಳಿಸಬೇಕು. ಡೈರೆಕ್ಟರಿಯ ಹೆಸರು ತಪ್ಪಾಗಿದ್ದರೆ ತಿದ್ದುವ ಆಜ್ಞೆಯೂ ಇಲ್ಲ. ಹೊಸ ಡೈರೆಕ್ಟರಿ ಮಾಡಿ, ಎಲ್ಲವನ್ನೂ ನಕಲಿಸಿ, ಹಳೆಯದನ್ನು ಬರಿದು ಮಾಡಿ, ಆಮೇಲೆ 'ಆರ್‌ಡಿ' ಕೊಡಬೇಕು. ಬರಿದಾಗದ ಡೈರೆಕ್ಟರಿಯನ್ನು ಯಂತ್ರ ತೆಗೆಯುತ್ತಿರಲಿಲ್ಲ. 'ಮೂವ್' ಎಂಬ ಆಜ್ಞೆ ಬಂದದ್ದು 1993ರ ಡಾಸ್ 6.0ರಲ್ಲಿ.

ಈ ಕೊರತೆ ತುಂಬಲು ಹೊರಗಿನವರು ಪ್ರೋಗ್ರಾಮ್‌ಗಳನ್ನು ಬರೆದರು. 1985ರಲ್ಲಿ ಬಂದ 'ಎಕ್ಸ್‌ಟ್ರೀ' ಇಡೀ ಡೈರೆಕ್ಟರಿಯನ್ನು ಮರದ ಚಿತ್ರದಂತೆ ತೆರೆಯ ಮೇಲೆ ತೋರಿಸಿತು. 1986ರ 'ನಾರ್ಟನ್ ಕಮಾಂಡರ್' ಎರಡು ಡೈರೆಕ್ಟರಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಇದರಿಂದ ಅದಕ್ಕೆ ಕಳುಹಿಸುವುದನ್ನು ಸುಲಭ ಮಾಡಿತು. ಪೀಟರ್ ನಾರ್ಟನ್ ಅವರ 1982ರ ಪ್ರೋಗ್ರಾಮ್ ಅಳಿಸಿದ ಫೈಲನ್ನು ಮರಳಿ ತರುತ್ತಿತ್ತು. ಏಕೆಂದರೆ ಡಾಸ್ ಫೈಲನ್ನು ಅಳಿಸುವಾಗ ಡೈರೆಕ್ಟರಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರವನ್ನು ಬದಲಿಸಿ, ಅದಕ್ಕೆ ಸೇರಿದ ಜಾಗ ಖಾಲಿ ಎಂದು ಗುರುತು ಹಾಕುತ್ತಿತ್ತು ಅಷ್ಟೆ. ಒಳಗಿನ ಬರಹ ಅಲ್ಲೇ ಉಳಿದಿರುತ್ತಿತ್ತು. ಅದರ ಮೇಲೆ ಬೇರೆ ಏನನ್ನೂ ಬರೆಯದಿದ್ದರೆ ಉಳಿಸಿಕೊಳ್ಳಬಹುದಿತ್ತು.

ಆದರೆ ಒಂದು ನಷ್ಟ ಮಾತ್ರ ಸದ್ದಿಲ್ಲದೆ ಆಗುತ್ತಿತ್ತು. ಒಂದು ಫೈಲನ್ನು ನಕಲಿಸುವಾಗ ಆ ಜಾಗದಲ್ಲಿ ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ, ಡಾಸ್ ಏನನ್ನೂ ಕೇಳದೆ ಹಳೆಯದರ ಜಾಗದಲ್ಲಿ ಹೊಸದನ್ನು ಇಡುತ್ತಿತ್ತು. "ಇದರ ಮೇಲೆ ಬರೆಯಲೇ?" ಎಂದು ಯಂತ್ರ ಕೇಳಲು ಕಲಿತದ್ದು 1993ರ ಕೊನೆಯಲ್ಲಿ ಬಂದ 6.2 ಆವೃತ್ತಿಯಿಂದ. ಹಳೆಯ ಆವೃತ್ತಿಯ ಯಂತ್ರಗಳು ಎಷ್ಟೋ ಕಚೇರಿಗಳಲ್ಲಿ ಅದಾದ ಮೇಲೂ ವರ್ಷಗಟ್ಟಲೆ ನಡೆದವು.

ಈಗ ನಮ್ಮ ಮಿಠಾಯಿ ಡಬ್ಬಕ್ಕೆ ಮರಳೋಣ. ಆ ದಿನಗಳಲ್ಲಿ ಕಚೇರಿಯಲ್ಲಿದ್ದ ಗುಮಾಸ್ತರು ನಿವೃತ್ತರಾಗಿ ಗುರಪ್ಪನಪಾಳ್ಯದಲ್ಲಿ ಮಗನ ಮನೆಯಲ್ಲಿದ್ದಾರೆ. ನಾನು ಹೋಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಾನೇ ಮಾಡಿದ್ದು ಮಾಸ್ಟರ್ ಸಾಬ್. ಎ ಸೆಕ್ಷನ್‌ಗೆ ಒಂದು ಫ್ಲಾಪಿ, ಬಿ ಸೆಕ್ಷನ್‌ಗೆ ಒಂದು, ಸಿ ಸೆಕ್ಷನ್‌ಗೆ ಒಂದು ಇತ್ತು. ಎಲ್ಲಾ ಒಂದೇ ಕಡೆ ಇರಲಿ, ಮುಂದೆ ಬರುವವರಿಗೆ ಸುಲಭ ಆಗಲಿ ಅಂತ ಒಂದೇ ಡೈರೆಕ್ಟರಿಗೆ ಕಾಪಿ ಮಾಡಿದೆ. ಪ್ರತಿ ಸಲ ಇಷ್ಟು ಫೈಲ್ ಕಾಪಿ ಆಯಿತು ಅಂತ ಬಂತು. ಸರಿ ಆಯಿತು ಅಂದುಕೊಂಡೆ. ಆಮೇಲೆ ಆ ಮೂರು ಫ್ಲಾಪಿಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿದೆ. ಫ್ಲಾಪಿಗೆ ದುಡ್ಡು ಕೊಡಬೇಕಿತ್ತಲ್ಲ."

ಮೂರು ಸೆಕ್ಷನ್, ಮೂರು ಮೊಹಮ್ಮದ್. ಬೇರೆ ಬೇರೆ ಫ್ಲಾಪಿಯಲ್ಲಿ ಇದ್ದಷ್ಟು ದಿನ ಮೂವರೂ ಕ್ಷೇಮವಾಗಿದ್ದರು. ಒಂದೇ ಮನೆಗೆ ತಂದ ಕೂಡಲೇ ಒಬ್ಬರ ಮೇಲೆ ಒಬ್ಬರು ಬರೆಯಲ್ಪಟ್ಟು ಕೊನೆಯವನೊಬ್ಬ ಉಳಿದ. ಯಾರನ್ನು ದೂರೋಣ? ಆ ಹಿರಿಯರು ಸೋಮಾರಿಯಾಗಿರಲಿಲ್ಲ; ಅಚ್ಚುಕಟ್ಟು ಮಾಡಲು ಹೋದವರು. ಕೆಲಸಕ್ಕೆ ಸೇರಿದಾಗ ಅವರು ಟೈಪ್‌ರೈಟಿಂಗ್ ಪರೀಕ್ಷೆ ಪಾಸು ಮಾಡಿದ್ದರು. ಕಂಪ್ಯೂಟರ್ ಬಂದಾಗ ಅದರ ನಡೆಯನ್ನು ಅವರಿಗೆ ಯಾರೂ ಕೂತು ಕಲಿಸಲಿಲ್ಲ.

ಕಾಗದ ಕಾಪಾಡಿತು

ನಮ್ಮ ಹಳೆಯ ವಿದ್ಯಾರ್ಥಿಯನ್ನು ಕಾಪಾಡಿದ್ದು ದಾಖಲಾತಿ ರಿಜಿಸ್ಟರ್. ಕೆಂಪು ಬಟ್ಟೆಯ ರಟ್ಟು ಹಾಕಿದ, ಅಂಚು ಗೆದ್ದಲು ತಿಂದ ಆ ಪುಸ್ತಕದಲ್ಲಿ ಅಂದಿನ ಮುಖ್ಯೋಪಾಧ್ಯಾಯರು ಅವರ ಪೂರ್ಣ ಹೆಸರು, ತಂದೆಯ ಹೆಸರು, ಅಂಕಿಯಲ್ಲೂ ಅಕ್ಷರದಲ್ಲೂ ಹುಟ್ಟಿದ ದಿನಾಂಕ ಬರೆದಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ದಾಖಲಾತಿ ಸಂಖ್ಯೆ ಬರೆದಿದ್ದರು. ಹೆಸರು ಇಬ್ಬರಿಗೆ ಒಂದೇ ಇರಬಹುದು, ಆ ಸಂಖ್ಯೆ ಇರಲಾರದು. ಎರಡು ದಿನದಲ್ಲಿ ಪ್ರಮಾಣಪತ್ರ ಸಿದ್ಧವಾಯಿತು. ಅವರು ಅದನ್ನು ಎರಡು ಸಲ ಓದಿ, ಮಡಿಸದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೋದರು.

ಇದರಿಂದ ಕಂಪ್ಯೂಟರ್ ಕೆಟ್ಟದ್ದು, ಕಾಗದ ಒಳ್ಳೆಯದು ಎಂದು ತಿಳಿಯಬೇಡಿ. ಗೆದ್ದಲಿಗೆ ಇನ್ನೊಂದು ವರ್ಷ ಸಿಕ್ಕಿದ್ದರೆ ಆ ಪುಟವೂ ಇರುತ್ತಿರಲಿಲ್ಲ. ವಿಷಯ ಬೇರೆ. ರಿಜಿಸ್ಟರ್ ಬರೆದವರು ತಮಗಾಗಿ ಬರೆದಿರಲಿಲ್ಲ, ತಾವು ಹೋದ ಮೇಲೆ ಬರುವವರು ಓದಲೆಂದು ಬರೆದಿದ್ದರು. ಫ್ಲಾಪಿಯ ಹೆಸರುಗಳು ಮಾತ್ರ ಒಬ್ಬರ ನೆನಪನ್ನು ನಂಬಿ ನಿಂತಿದ್ದವು.

ನಮ್ಮ ಲಿಪಿ ಒಳಗೆ ಬಂದದ್ದು

ಇನ್ನೊಂದು ಸಂಗತಿಯನ್ನು ಭಾಷಾ ಶಿಕ್ಷಕನಾಗಿ ನಾನು ಹೇಳಲೇಬೇಕು. ಬಹುಕಾಲ ನಾವು ಫೈಲಿನೊಳಗೆ ಕನ್ನಡ, ಉರ್ದು ಬರೆದರೂ ಫೈಲಿನ ಹೆಸರು ಇಂಗ್ಲಿಷಿನಲ್ಲೇ ಇರಬೇಕಾಗಿತ್ತು. ಭಾರತೀಯ ಲಿಪಿಗಳಿಗೆ 'ಇಸ್ಕಿ' ಎಂಬ ಸಂಕೇತ ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. 1994ರಲ್ಲಿ ದೆಹಲಿಯಿಂದ ಬಂದ 'ಇನ್‌ಪೇಜ್' ಉರ್ದುವಿನ ನಸ್ತಾಲೀಖ್ ಲಿಪಿಯನ್ನು ಸಾಮಾನ್ಯ ಪಿಸಿಗೆ ತಂದಿತು. ಕನ್ನಡಕ್ಕೆ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಬೆರಳುಗಳಿಗೆ ರೂಢಿಯಾಯಿತು. ಇವರೆಲ್ಲರ ಉಪಕಾರ ದೊಡ್ಡದು.

ಆದರೂ ಆ ಕಾಲದ ಫೈಲುಗಳು ಅಕ್ಷರವನ್ನು ತಮ್ಮದೇ ರೀತಿಯಲ್ಲಿ ಅಡಗಿಸಿಟ್ಟಿದ್ದವು. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಅರಬ್ಬಿ ಲಿಪಿಗೂ ಸ್ಥಾನವಿತ್ತು. ಅದು ನಮ್ಮ ಮೇಜಿನವರೆಗೆ ಬಂದದ್ದು ಹತ್ತು ವರ್ಷಗಳ ನಂತರ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ 'ತುಂಗಾ' ಎಂಬ ಫಾಂಟ್ ಕೂಡ ಇತ್ತು. ಅಂದಿನಿಂದ ಫೋಲ್ಡರ್‌ಗೆ 'ಹತ್ತನೇ ತರಗತಿ' ಎಂದು ಕನ್ನಡದಲ್ಲೇ, ಉರ್ದುವಿನಲ್ಲೇ ಹೆಸರಿಡಬಹುದು. ಆದರೆ ನಮ್ಮಲ್ಲಿ ಎಷ್ಟು ಮಂದಿ ಹಾಗೆ ಇಡುತ್ತೇವೆ?

ವಿದ್ಯಾರ್ಥಿಗಳೇ, ಈಗ ನಿಮ್ಮ ಸರದಿ

ಇಂದು ನಿಮ್ಮಲ್ಲಿ ಹಲವರು ಕಂಪ್ಯೂಟರ್‌ಗಿಂತ ಮೊದಲು ಮೊಬೈಲ್ ಹಿಡಿದವರು. ಫೈಲ್ ಎಲ್ಲಿದೆ ಎಂದು ಕೇಳಿದರೆ "ಫೋನಿನಲ್ಲಿದೆ ಸರ್" ಎನ್ನುತ್ತೀರಿ. ಫೋನಿನಲ್ಲಿ ಎಲ್ಲಿ ಎಂದರೆ ಉತ್ತರವಿಲ್ಲ. ಡೌನ್‌ಲೋಡ್ ಎಂಬ ಒಂದೇ ರಾಶಿಯಲ್ಲಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮದುವೆ ಆಹ್ವಾನ, ಕ್ರಿಕೆಟ್ ಚಿತ್ರ ಎಲ್ಲವೂ ಬಿದ್ದಿರುತ್ತವೆ. 1981ರ ಗೋಡೆಯಿಲ್ಲದ ಮನೆಗೆ ನಾವು ತಿರುಗಿ ಬಂದಿದ್ದೇವೆ! ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಸಂಜೆ ಆದಾಯ ಪತ್ರ ಸಿಗದೆ ಕಣ್ಣೀರಿಟ್ಟ ಹುಡುಗಿಯನ್ನು ನಾನು ಕಂಡಿದ್ದೇನೆ. ಅವಳ ಫೋನಿನಲ್ಲೇ ಅದು ಇತ್ತು. ಎರಡು ದಿನದ ನಂತರ ಸಿಕ್ಕಿತು.

ಪ್ರಮಾಣಪತ್ರದ ಘಟನೆಯ ನಂತರ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಶಾಲೆಯ ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿ ಜೋಡಿಸಲು ನನಗೆ ನೆರವಾದರು. ಆಗ ಹಾಕಿಕೊಂಡ ನಿಯಮಗಳು ನಿಮಗೂ ಉಪಯೋಗವಾಗಬಹುದು. ಮೊದಲು ವರ್ಷ, ಅದರೊಳಗೆ ತರಗತಿ, ಅದರೊಳಗೆ ಸೆಕ್ಷನ್. ಫೈಲಿನ ಹೆಸರಿನಲ್ಲಿ ದಾಖಲಾತಿ ಸಂಖ್ಯೆ ಮೊದಲು, ಪೂರ್ಣ ಹೆಸರು ಆಮೇಲೆ. ಹತ್ತಕ್ಕಿಂತ ಕಡಿಮೆಯ ಅಂಕಿಗೆ ಮುಂದೆ ಸೊನ್ನೆ, ಇಲ್ಲದಿದ್ದರೆ ಕೆಲವು ಯಂತ್ರಗಳಲ್ಲಿ 10 ಎಂಬುದು 2ಕ್ಕಿಂತ ಮೊದಲು ನಿಲ್ಲುತ್ತದೆ. ಜೋಡಣೆ ಬದಲಾಯಿಸುವ ಮುನ್ನ ಫೈಲುಗಳನ್ನು ಎಣಿಸಿ, ಬದಲಾಯಿಸಿದ ಮೇಲೆ ಮತ್ತೆ ಎಣಿಸಿ. ಲೆಕ್ಕ ತಾಳೆಯಾಗುವವರೆಗೆ ಹಳೆಯದನ್ನು ಅಳಿಸಬೇಡಿ. ಎರಡು ಪ್ರತಿಗಳನ್ನು ಎರಡು ಕಟ್ಟಡಗಳಲ್ಲಿಡಿ. ಕೊನೆಯದಾಗಿ, ಏನು ಎಲ್ಲಿದೆ ಎಂಬ ಫೆಹ್ರಿಸ್ತ್ ಒಂದನ್ನು ಕಾಗದದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ.

ಆ ಮೂರು ಫ್ಲಾಪಿಗಳನ್ನು ನಾವು ಬಿಸಾಡಿಲ್ಲ. ನಿವೃತ್ತ ಗುಮಾಸ್ತರು ಒಂದು ದಿನ ಶಾಲೆಗೆ ಬಂದು ಮಕ್ಕಳ ಕೆಲಸ ನೋಡಿದರು. ಕಂಪ್ಯೂಟರ್ ಮುಂದೆ ಕೂತು ಆ ವರ್ಷದ ಫೋಲ್ಡರ್ ತೆರೆಸಿ, ಮೂರೂ ಸೆಕ್ಷನ್‌ನ ಹೆಸರುಗಳನ್ನು ಒಂದೊಂದಾಗಿ ಓದಿಸಿದರು. ಮೂವರು ಮೊಹಮ್ಮದ್‌ಗಳೂ ತಮ್ಮ ತಮ್ಮ ಸಂಖ್ಯೆಯೊಂದಿಗೆ, ಪೂರ್ಣ ಹೆಸರಿನೊಂದಿಗೆ ಅಲ್ಲಿದ್ದರು. "ಈಗ ಎಲ್ಲಾ ಸರಿಯಾಗಿದೆ ಬೇಟಾ" ಎಂದು ಪಕ್ಕದಲ್ಲಿದ್ದ ಹುಡುಗನ ತಲೆ ಸವರಿದರು. ಆಮೇಲೆ, "ಇನ್ನೊಂದು ಸಲ ಎಣಿಸು" ಎಂದರು.